ಹಳೆಯ ಹಾಯಿದೋಣಿಯ ಸೆಂಟರ್‌ಬೋರ್ಡ್ ಅರ್ಧಕ್ಕೇ ಸಿಕ್ಕಿಕೊಂಡಿದೆ, ಮೇಲೂ ಬರುತ್ತಿಲ್ಲ, ಕೆಳಗೂ ಹೋಗುತ್ತಿಲ್ಲ

ಹಿನ್ನೀರು ಹಾಯಿ (ಮುನಿರಾಬಾದ್)
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಸ್ನೇಹಿತ ಸೇರಿ ತುಂಗಭದ್ರಾ ಹಿನ್ನೀರಿನಲ್ಲಿ ಒಂದು ಹಳೆಯ ಎಂಟರ್‌ಪ್ರೈಸ್ ದೋಣಿ ಓಡಿಸುತ್ತೇವೆ. ಹದಿಮೂರು ಅಡಿ ಚಿಲ್ಲರೆ ಉದ್ದ, ಎರಡು ಹಾಯಿ, ಫೈಬರ್ ಒಡಲು. ಸೆಂಟರ್‌ಬೋರ್ಡ್, ಅಂದರೆ ತಳದ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆ, ಮಾತ್ರ ಪ್ಲೈವುಡ್‌ನದು.

ಹೋದ ವಾರ ದಡ ಹತ್ತಿರ ಬಂತು ಅಂತ ಬೋರ್ಡ್ ಎತ್ತಲು ಹೋದರೆ ಅರ್ಧಕ್ಕೆ ನಿಂತುಬಿಟ್ಟಿತು. ದೋಣಿಯನ್ನು ಮಗ್ಗುಲಿಗೆ ವಾಲಿಸಿ, ನಾಲ್ಕು ಜನ ಹಿಡಿದು ಮೇಲೆ ತಂದೆವು. ಈಗ ಹಳೆಯ ಟೈರ್‌ಗಳ ಮೇಲೆ ಕೂರಿಸಿದ್ದೇವೆ. ಬೋರ್ಡಿನ ತುದಿ ತಳದಿಂದ ಎರಡು ಗೇಣು ಹೊರಗೆ ಚಾಚಿಕೊಂಡಿದೆ. ಹಿಡಿಕೆ ಎಳೆದರೆ ಒಂಚೂರು ಅಲ್ಲಾಡುತ್ತದೆ, ಆಮೇಲೆ ಗಟ್ಟಿ. ಜೋರು ಮಾಡಲು ಭಯ. ಬೋರ್ಡ್ ಕೂರುವ ಪೆಟ್ಟಿಗೆ ಬಿರುಕು ಬಿಟ್ಟರೆ ದೋಣಿ ತಳದಲ್ಲೇ ಸೋರುತ್ತದೆ. ಮಳೆಗಾಲದ ಗಾಳಿ ಶುರುವಾಗುವುದರೊಳಗೆ ಸರಿ ಮಾಡಬೇಕು. ಗೊತ್ತಿದ್ದವರು ಹೇಳಿ.

ತೋರಣಗಲ್ಲು ಫಿಟ್ಟರ್
ಅಣ್ಣಾ, ಇದಕ್ಕೆ ಇಷ್ಟು ಯೋಚನೆ ಯಾಕೆ? ತುಕ್ಕು ಬಿಡಿಸುವ ಆಯಿಲ್ ಹೊಡೆಯಿರಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮರದ ತುಂಡು ಅಡ್ಡ ಇಟ್ಟು ಕೆಳಗಿನಿಂದ ಎರಡು ಏಟು ಕೊಡಿ. ಜಾಮ್ ಆದ ಪಿನ್ನುಗಳನ್ನು ನಾವು ದಿನಾ ಹೀಗೇ ಬಿಡಿಸುತ್ತೇವೆ. ಬಂದೇ ಬರುತ್ತದೆ.

ಕಿನ್ನಾಳ ಬಡಗಿ
ದಯವಿಟ್ಟು ಬೇಡ. ಕಬ್ಬಿಣದ ಪಿನ್ನಿಗೆ ಹಾಕುವ ಮದ್ದು ಮರಕ್ಕೆ ನಡೆಯುವುದಿಲ್ಲ. ಪ್ಲೈವುಡ್ ನೀರು ಕುಡಿದು ಉಬ್ಬಿರುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ. ಉಬ್ಬಿದ ಪ್ಲೈಗೆ ಏಟು ಕೊಟ್ಟರೆ ಪದರ ಬಿಟ್ಟುಕೊಂಡು ಇನ್ನೂ ದಪ್ಪವಾಗುತ್ತದೆ. ಆಮೇಲೆ ಪೆಟ್ಟಿಗೆ ಒಡೆದೇ ತೆಗೆಯಬೇಕು. ಆಯಿಲ್ ಕುಡಿದ ಮರಕ್ಕೆ ಮುಂದೆ ವಾರ್ನಿಷ್ ಆಗಲಿ ಅಂಟಾಗಲಿ ಹಿಡಿಯುವುದಿಲ್ಲ.

ಸಿಂಧನೂರು ಗದ್ದೆ
ನಮ್ಮ ಕಡೆ ದೋಣಿ ಅಂದರೆ ಹರಿಗೋಲು ಅಷ್ಟೇ. ಈ ಸೆಂಟರ್‌ಬೋರ್ಡ್ ಏನು ಕೆಲಸ ಮಾಡುತ್ತದೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಬಳ್ಳಾರಿ ಅಕ್ಕ
ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಎನ್‌ಸಿಸಿ ನೇವಲ್ ವಿಂಗ್‌ನಲ್ಲಿದ್ದೆ. ಅಲ್ಲೂ ಹಾಯಿ ಕಲಿಸುವುದು ಇದೇ ಎಂಟರ್‌ಪ್ರೈಸ್‌ನಲ್ಲಿ.

ದೋಣಿಯ ನಡುವೆ ಉದ್ದಕ್ಕೂ ಒಂದು ಕಿರಿದಾದ ಪೆಟ್ಟಿಗೆ ಇರುತ್ತದೆ. ಅದರ ತಳದಲ್ಲಿ ಸೀಳು. ಆ ಸೀಳಿನಿಂದ ಒಂದು ಹಲಗೆ ನೀರಿಗೆ ಇಳಿಯುತ್ತದೆ. ಮುಂದಿನ ತುದಿಯಲ್ಲಿ ಒಂದು ಬೋಲ್ಟ್, ಅದರ ಸುತ್ತ ಹಲಗೆ ತಿರುಗುತ್ತದೆ. ಗಾಳಿ ಪಕ್ಕದಿಂದ ಬೀಸಿದಾಗ ದೋಣಿ ಪಕ್ಕಕ್ಕೇ ಜಾರಲು ನೋಡುತ್ತದೆ. ಈ ಹಲಗೆ ನೀರಿಗೆ ಅಡ್ಡ ನಿಂತು ಅದನ್ನು ತಡೆಯುತ್ತದೆ, ಆಗ ದೋಣಿ ಮುಂದಕ್ಕೆ ಹೋಗಲೇಬೇಕು. ಹಲಗೆ ಇಲ್ಲದೆ ಗಾಳಿಗೆ ಎದುರಾಗಿ ಒಂದು ಮಾರು ಕೂಡ ಏರಲು ಆಗುವುದಿಲ್ಲ. ಗಾಳಿ ಬೆನ್ನಿಗಿದ್ದಾಗ ಹಲಗೆ ಎತ್ತಿಟ್ಟರೆ ವೇಗ ಜಾಸ್ತಿ. ದಡಕ್ಕೆ ಬರುವಾಗ ಪೂರ್ತಿ ಎತ್ತಲೇಬೇಕು, ಇಲ್ಲದಿದ್ದರೆ ನೆಲಕ್ಕೆ ಬಡಿಯುತ್ತದೆ.

ಸಿಂಧನೂರು ಗದ್ದೆ
ಈಗ ಗೊತ್ತಾಯಿತು ಅಕ್ಕಾರೆ. ಹರಿಗೋಲಿಗೆ ಅದಕ್ಕೇ ಹಾಯಿ ಕಟ್ಟುವುದಿಲ್ಲ ಅನ್ನಿ.

ಆನೆಗುಂದಿ ಹರಿಗೋಲು
ಹರಿಗೋಲಿಗೆ ಹಾಯಿ ಬೇಕೇ ಇಲ್ಲ ಗೌಡ್ರೆ, ಒಂದು ಹುಟ್ಟು ಸಾಕು. ತಳ ಚಪ್ಪಟೆ, ಮೊಳಕಾಲುದ್ದ ನೀರಿದ್ದರೂ ತೇಲುತ್ತದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ನಮ್ಮೂರ ಹೊಳೆ ದಾಟುವ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಸಿಕ್ಕಿಕೊಳ್ಳುವ ಭಾಗವೇ ಇಲ್ಲ ಅದರಲ್ಲಿ.

ಬಲೆ ಮತ್ತು ಹುಟ್ಟು
ನಾವು ಹಿನ್ನೀರಿನಲ್ಲೇ ಮೀನು ಹಿಡಿಯುವವರು. ಮರ ಉಬ್ಬಿದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಈ ತಿಂಗಳಲ್ಲಿ ನೀರು ಎಲ್ಲಿಗೆ ಇಳಿದಿದೆ ನೋಡಿದ್ದೀರಾ? ತಳ ಕಾಣುವ ಕಡೆಯೆಲ್ಲ ಹೂಳು, ಅದರೊಳಗೆ ಗರಸು. ಇಷ್ಟು ಕಡಿಮೆ ನೀರಿನಲ್ಲಿ ಹಲಗೆ ಇಳಿಬಿಟ್ಟು ಓಡಿಸಿದರೆ ಒಂದಲ್ಲ ಒಂದು ಕಡೆ ನೆಲಕ್ಕೆ ತಾಗುತ್ತದೆ. ಆಗ ಸೀಳಿನೊಳಗೆ ಹೂಳು ನುಗ್ಗುತ್ತದೆ, ಹರಳು ಕೂರುತ್ತದೆ. ಎತ್ತುವಾಗ ಆ ಹರಳೇ ಬೆಣೆ.

ಕಿನ್ನಾಳ ಬಡಗಿ
ಇರಬಹುದು. ಆದರೆ ಬರೀ ಹರಳಾದರೆ ಕೆಳಕ್ಕೆ ತಳ್ಳಿದಾಗ ಬಿಡಬೇಕಲ್ಲ. ಅವರು ಕೆಳಗೂ ಹೋಗುತ್ತಿಲ್ಲ ಅಂತಿದ್ದಾರೆ. ಎರಡೂ ಕಡೆ ಕಚ್ಚಿದೆ ಅಂದರೆ ಮರ ಉಬ್ಬಿದೆ ಅಂತಲೇ ನನ್ನ ಲೆಕ್ಕ.

ಬಲೆ ಮತ್ತು ಹುಟ್ಟು
ಎಳೆದಷ್ಟೂ ಹರಳು ಮರದೊಳಗೆ ಇಳಿಯುತ್ತದೆ ಅಣ್ಣಾರೆ. ಒಮ್ಮೆ ಕಚ್ಚಿದ ಮೇಲೆ ಯಾವ ಕಡೆಗೂ ಬಿಡಲ್ಲ. ನಮ್ಮ ಬೋಟಿನ ಮೋಟಾರಿಗೆ ಹಾಗೇ ಆಗಿದೆ.

ಶಕ್ತಿನಗರದ ಮಾಜಿ ನಾವಿಕ
ನೌಕಾಪಡೆಯಲ್ಲಿ ಮರಗೆಲಸ ಮಾಡಿ ನಿವೃತ್ತನಾದವನು ನಾನು, ಈಗ ರಾಯಚೂರು ಕಡೆ ಇದ್ದೇನೆ. ಸಣ್ಣ ದೋಣಿಗಳ ಸೆಂಟರ್‌ಬೋರ್ಡ್ ಬಹಳ ಬಿಚ್ಚಿ ಹಾಕಿದ್ದೇನೆ. ಇಬ್ಬರು ಹೇಳುವುದೂ ಆಗುವಂಥದ್ದೇ. ಆದರೆ ಯಾವುದು ಅಂತ ಗೊತ್ತಾಗುವ ಮುಂಚೆ ಸುತ್ತಿಗೆ, ಎಣ್ಣೆ, ಜಾಕ್ ಯಾವುದನ್ನೂ ಹತ್ತಿರ ತರಬೇಡಿ.

ಮೊದಲು ಕಿವಿಗೊಟ್ಟು ಕೇಳಿ. ಹಿಡಿಕೆಯನ್ನು ಹಿಂದೆ ಮುಂದೆ ಅಲ್ಲಾಡಿಸುವಾಗ ಕರಕರ ಅಂದರೆ ಉಸುಕು, ಹರಳು. ಮರ ಉಜ್ಜಿದ ಕಿರ್ ಶಬ್ದ ಬಂದು, ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಉಬ್ಬಿದೆ. ಶಬ್ದವೇ ಇಲ್ಲದೆ ರಬ್ಬರಿನ ಹಾಗೆ ಹಿಂದಕ್ಕೆ ಜಗ್ಗಿದರೆ, ತಳದ ಸೀಳಿಗೆ ಅಂಟಿಸಿರುವ ರಬ್ಬರ್ ಪಟ್ಟಿ ಕಿತ್ತು ಒಳಗೆ ಮಡಚಿಕೊಂಡಿದೆ. ನೀರು ಪೆಟ್ಟಿಗೆಯೊಳಗೆ ಸುಳಿಯದಿರಲಿ ಅಂತ ಹಾಕುವ ಪಟ್ಟಿ ಅದು, ಹಳೆಯ ದೋಣಿಗಳಲ್ಲಿ ಇದು ತುಂಬಾ ಸಾಮಾನ್ಯ.

ಎರಡನೆಯದು, ದೋಣಿ ಯಾವುದರ ಮೇಲೆ ಕೂತಿದೆ? ಟೈರ್ ಸರಿಯಾಗಿ ಪೆಟ್ಟಿಗೆಯ ಪಕ್ಕಕ್ಕೇ ಒತ್ತುತ್ತಿದ್ದರೆ ಫೈಬರ್ ತಳ ಬಾಗಿ ಸೀಳು ಮುಚ್ಚಿಕೊಳ್ಳುತ್ತದೆ. ನೀರಿನಲ್ಲಿ ಸಲೀಸಾಗಿದ್ದ ಬೋರ್ಡ್ ದಡದಲ್ಲಿ ಬಿಗಿಯಾಗುವುದು ಹೀಗೆ. ಮೊದಲು ಟೈರ್‌ಗಳನ್ನು ಹೊರಕ್ಕೆ ಸರಿಸಿ.

ಮೂರನೆಯದು ಬೋಲ್ಟ್. ನೆಲಕ್ಕೆ ಬಡಿದು ಬಾಗಿದ್ದರೆ ಬೋರ್ಡ್ ಓರೆಯಾಗಿ ಒಂದೇ ಗೋಡೆಗೆ ಒರಗುತ್ತದೆ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ, ಎರಡೂ ಬದಿಯ ಸಂದಿ ಸಮ ಇದೆಯಾ ಅಂತ. ನೋಡಿ ಬಂದು ಹೇಳಿ, ಆಮೇಲೆ ಮುಂದಿನ ಮಾತು.

ತೋರಣಗಲ್ಲು ಫಿಟ್ಟರ್
ಬೋಲ್ಟ್ ಬಾಗಿರಬಹುದು ಅನ್ನುವುದು ಸರಿಯಾದ ಮಾತು ಸರ್. ಹಾಗಾದರೆ ಮೊದಲು ಬೋಲ್ಟ್ ಬಿಚ್ಚುವುದೇ ಒಳ್ಳೆಯದಲ್ಲವಾ? ಬೋಲ್ಟ್ ಹೊರಗೆ ಬಂದರೆ ಬೋರ್ಡ್ ಯಾವ ಕಡೆ ಬೇಕಾದರೂ ಆಡುತ್ತದೆ.

ಶಕ್ತಿನಗರದ ಮಾಜಿ ನಾವಿಕ
ಬಿಚ್ಚಲೇಬೇಕು, ಆದರೆ ದೋಣಿ ಮಗುಚಿ ಹಾಕಿದ ಮೇಲೆ. ನೆಟ್ಟಗಿರುವಾಗ ಬಿಚ್ಚಿದರೆ ಬೋರ್ಡ್ ದಪ್ಪಂತ ಕೆಳಗೆ ಬೀಳಬಹುದು. ಕೆಳಗೆ ಯಾರ ಕೈ ಇರುತ್ತೋ.

ಗಂಗಾವತಿ ಭತ್ತ
ಹಿನ್ನೀರಿನ ಹೂಳಿನ ಮಾತು ಬಂತು ಅಂತ ಹೇಳುತ್ತಿದ್ದೇನೆ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105 ಚಿಲ್ಲರೆ. ಉಳಿದಿದ್ದೆಲ್ಲ ಹೂಳು. ನವಲಿ ಹತ್ತಿರ ಸಮತೋಲನ ಜಲಾಶಯ ಮಾಡುತ್ತೇವೆ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ದೋಣಿಯ ಹಲಗೆಗೇ ಹೂಳು ತಾಗುತ್ತಿದೆ ಅಂದರೆ ನಮ್ಮ ಎರಡನೇ ಬೆಳೆಗೆ ನೀರು ಎಲ್ಲಿಂದ ಬರಬೇಕು?

ಸಿಂಧನೂರು ಗದ್ದೆ
ಎಡದಂಡೆ ಕಾಲುವೆಯ ಕೊನೆ ಭಾಗದವರನ್ನು ಕೇಳಿ ಅದನ್ನು. 19ನೇ ಗೇಟ್ ಕಿತ್ತುಕೊಂಡು ಹೋದ ವರ್ಷ ನಾವು ನಿದ್ದೆ ಮಾಡಿಲ್ಲ.

ತೋರಣಗಲ್ಲು ಫಿಟ್ಟರ್
2024ರ ಆಗಸ್ಟ್ 10ರ ರಾತ್ರಿ. ಸರಪಳಿ ತುಂಡಾಯಿತು, ಗೇಟ್ ಹೋಯಿತು. ಬದಲಿಗೆ ಇಳಿಸಿದ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ತಯಾರಾಗಿದ್ದು ನಮ್ಮ ತೋರಣಗಲ್ಲು, ಹೊಸಪೇಟೆ ಕಡೆಯೇ. ನೀರು ಹರಿಯುತ್ತಿರುವಾಗಲೇ ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಅದನ್ನು ಇಳಿಸಿದರು. ಒಂದೇ ವಾರದಲ್ಲಿ ಮುಗಿಯಿತು. ಆ ವಯಸ್ಸಿನಲ್ಲಿ ಅವರು ಡ್ಯಾಮಿನ ಮೇಲೆ ನಿಂತಿದ್ದು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಗಂಗಾವತಿ ಭತ್ತ
ಅವರಿಗೆ ನಮ್ಮ ಭಾಗದ ರೈತರೆಲ್ಲರ ಕೈಮುಗಿತ.

ಬಳ್ಳಾರಿ ಅಕ್ಕ
ಗೇಟಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಪಾಪ ಅವರ ದೋಣಿ ಟೈರ್ ಮೇಲೆ ಕೂತಿದೆ. ಹಿನ್ನೀರು ಹಾಯಿ ಅವರೇ, ಏನಾಯಿತು?

ಹಿನ್ನೀರು ಹಾಯಿ (ಮುನಿರಾಬಾದ್)
ಇವತ್ತು ಬೆಳಿಗ್ಗೆ ನೋಡಿದೆವು. ನಾವಿಕ ಸರ್ ಹೇಳಿದ ಹಾಗೆ ಟೈರ್‌ಗಳನ್ನು ಹೊರಕ್ಕೆ ಸರಿಸಿದೆವು. ಅಷ್ಟಕ್ಕೇ ಬೋರ್ಡ್ ಒಂದು ಬೆರಳಿನಷ್ಟು ಜಾಸ್ತಿ ಆಡಲು ಶುರುವಾಯಿತು. ಅಂದರೆ ಒತ್ತಡ ಇತ್ತು. ಆದರೂ ಪೂರ್ತಿ ಬಿಡಲಿಲ್ಲ.

ಶಬ್ದ ಕರಕರ. ಆದರೆ ಕೊನೆಯಲ್ಲಿ ಜಗ್ಗಿದ ಹಾಗೂ ಆಗುತ್ತದೆ, ಮೆತ್ತಗೆ ಹಿಂದಕ್ಕೆ ಬರುತ್ತದೆ. ಟಾರ್ಚ್ ಬಿಟ್ಟಾಗ ಎಡಗಡೆಯ ಸಂದಿಯಲ್ಲಿ ಬೆಳಕು ಕೆಳಗಿನವರೆಗೂ ಕಂಡಿತು. ಬಲಗಡೆ ಹಿಂಭಾಗದಲ್ಲಿ ಕಪ್ಪಗೆ ಏನೋ ಅಡ್ಡ ಇದೆ. ನಾಳೆ ಕಂಬ ಇಳಿಸಿ ಮಗುಚಿ ಹಾಕುತ್ತೇವೆ.

ಬಲೆ ಮತ್ತು ಹುಟ್ಟು
ಕರಕರ! ಹೇಳಲಿಲ್ಲವಾ.

ಶಕ್ತಿನಗರದ ಮಾಜಿ ನಾವಿಕ
ಜಗ್ಗುತ್ತಿದೆ ಅಂದರೆ ರಬ್ಬರ್ ಪಟ್ಟಿಯೂ ಸೇರಿದೆ. ಮಗುಚಿದ ಮೇಲೆ ಮೊದಲು ನೀರು ಹೊಯ್ದು ಹೂಳು ತೊಳೆಯಿರಿ. ಪೈಪಿನ ನೀರು ಸಾಕು, ಜೋರು ಪಂಪ್ ಹಿಡಿದರೆ ಹರಳು ಇನ್ನೂ ಒಳಕ್ಕೆ ಹೋಗುತ್ತದೆ. ಆಮೇಲೆ ಹ್ಯಾಕ್ಸಾ ಬ್ಲೇಡಿಗೆ ಒಂದು ಪದರ ಬಟ್ಟೆ ಸುತ್ತಿ ಸಂದಿಯಲ್ಲಿ ಬಿಡಿ. ಬ್ಲೇಡಿನ ಹಲ್ಲು ಫೈಬರಿಗೆ ತಾಗಬಾರದು. ಒಳಗಿನ ಜೆಲ್‌ಕೋಟ್ (ಫೈಬರಿನ ಮೇಲಿನ ನುಣುಪು ಪದರ) ಗೀರಿ ಹೋದರೆ ಅಲ್ಲಿಂದ ನೀರು ಇಳಿಯುತ್ತದೆ.

ಕಾರಟಗಿ ಕಾಕಾ
ಸಂದಿಗೆ ಸ್ವಲ್ಪ ಡೀಸೆಲ್ ಬಿಟ್ಟರೆ ಎಲ್ಲ ಸಡಿಲ ಆಗುತ್ತದೆ. ಟ್ರ್ಯಾಕ್ಟರ್‌ಗೆ ನಾವು ಅದನ್ನೇ ಮಾಡೋದು.

ಬಳ್ಳಾರಿ ಅಕ್ಕ
ಕಾಕಾ, ದಯವಿಟ್ಟು ಆ ಸಲಹೆ ಕೊಡಬೇಡಿ. ಆ ದೋಣಿ ಮತ್ತೆ ಅದೇ ನೀರಿಗೆ ಇಳಿಯುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜನ ಕುಡಿಯುವುದು ಆ ನೀರನ್ನೇ. ಸೋಪಿನ ನೀರು ಸ್ವಲ್ಪ ಹಾಕಿದರೂ ಜಾರುತ್ತದೆ, ಅದನ್ನೂ ದಡದಲ್ಲೇ ತೊಳೆದುಬಿಡಬೇಕು.

ಕಾರಟಗಿ ಕಾಕಾ
ಅದೂ ಖರೆ ಐತಿ ತಂಗಿ. ಡೀಸೆಲ್ ಬೇಡ ಬಿಡಿ.

ಹಿನ್ನೀರು ಹಾಯಿ (ಮುನಿರಾಬಾದ್)
ಹೊರಗೆ ಬಂತು! ಬೋರ್ಡ್ ಈಗ ಅಂಗಳದಲ್ಲಿ ಗೋಡೆಗೆ ಒರಗಿದೆ.

ಬೋಲ್ಟಿನ ನಟ್ ಮೊದಲು ಅಲ್ಲಾಡಲಿಲ್ಲ. ಫಿಟ್ಟರ್ ಅಣ್ಣ ಹೇಳಿದ ಆಯಿಲ್ ಅಲ್ಲಿಗೆ ಮಾತ್ರ ಎರಡು ಹನಿ ಬಿಟ್ಟು, ಬಟ್ಟೆ ಹಾಸಿಕೊಂಡು ಬಿಚ್ಚಿದೆವು. ಬೋಲ್ಟ್ ನೆಟ್ಟಗಿದೆ, ಆದರೆ ನಡುವೆ ಸವೆದು ಸಣ್ಣ ಸೊಂಟ ಬಂದಿದೆ. ಮಗುಚಿದ ತಳದಲ್ಲಿ ನೋಡಿದರೆ ಬಲಗಡೆಯ ರಬ್ಬರ್ ಪಟ್ಟಿ ಹಿಂಭಾಗದಲ್ಲಿ ಮೊಳದಷ್ಟು ಕಿತ್ತುಬಂದು ಸೀಳಿನೊಳಗೆ ಮಡಚಿ ಕೂತಿತ್ತು. ಆ ಮಡಿಕೆಯೊಳಗೆ ಹೂಳು ಗಟ್ಟಿಯಾಗಿ, ನಡುವೆ ಹುಣಸೆಬೀಜದ ಗಾತ್ರದ ಹರಳುಗಳು. ಒಂದು ಹರಳು ಬೋರ್ಡಿನ ವಾರ್ನಿಷ್ ಸೀಳಿಕೊಂಡು ಮರದಲ್ಲಿ ಅರ್ಧ ಹೂತಿತ್ತು. ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದ ಮೇಲೆ ಹರಳು ಒಂದೊಂದಾಗಿ ಉದುರಿದವು. ಆಮೇಲೆ ಇಬ್ಬರು ಹಿಡಿದು ಎತ್ತಿದರೆ ಬೋರ್ಡ್ ಸುಮ್ನೆ ಮೇಲೆ ಬಂತು.

ಇನ್ನೊಂದು ವಿಷಯ, ಬಡಗಿ ಅಣ್ಣನ ಮಾತೂ ಸುಳ್ಳಲ್ಲ. ಬೋಲ್ಟಿನ ತೂತಿನ ಸುತ್ತ ಪ್ಲೈ ಕಪ್ಪಾಗಿದೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ಆ ಜಾಗ ಬೇರೆ ಕಡೆಗಿಂತ ದಪ್ಪ.

ಕಿನ್ನಾಳ ಬಡಗಿ
ತೂತಿನ ಒಳಗೆ ಯಾರೂ ವಾರ್ನಿಷ್ ಹಚ್ಚಿರುವುದಿಲ್ಲ, ಅಲ್ಲಿಂದಲೇ ನೀರು ಕುಡಿಯುತ್ತದೆ. ಈಗ ಕೀಸುಳಿ ಹಾಕಿ ಕೆರೆಯಲು ಹೋಗಬೇಡಿ. ಹಸಿ ಮರ ಕೆರೆದರೆ ಒಣಗಿದ ಮೇಲೆ ಜಾಸ್ತಿ ತೆಳ್ಳಗಾಗಿ ಪೆಟ್ಟಿಗೆಯಲ್ಲಿ ಲಟಲಟ ಅನ್ನುತ್ತದೆ. ನೆರಳಿನಲ್ಲಿ, ಎರಡೂ ಬದಿಗೆ ಗಾಳಿ ಆಡುವ ಹಾಗೆ ನಿಲ್ಲಿಸಿ. ನಮ್ಮ ಬಿಸಿಲಿಗೆ ಇಟ್ಟರೆ ಒಂದು ಮುಖ ಬೇಗ ಒಣಗಿ ಬೋರ್ಡ್ ಸೊಟ್ಟಗಾಗುತ್ತದೆ. ಗೋಡೆಗೆ ಒರಗಿಸಿದ್ದೀರಿ ಅಂದಿರಲ್ಲ, ಅದೂ ಬೇಡ. ಹಗ್ಗ ಕಟ್ಟಿ ತೂಗುಹಾಕಿ.

ಶಕ್ತಿನಗರದ ಮಾಜಿ ನಾವಿಕ
ಬಡಗಿಯವರ ಮಾತು ನೂರಕ್ಕೆ ನೂರು ಸರಿ. ಒಣಗಿದ ಮೇಲೆ ಮಾಡಬೇಕಾದ್ದು ಹೇಳುತ್ತೇನೆ.

ಕಪ್ಪಾದ ಮರವನ್ನೆಲ್ಲ ಕೆತ್ತಿ ತೆಗೆಯಿರಿ, ಗಟ್ಟಿ ಮರ ಸಿಗುವವರೆಗೆ. ತೂತು ದೊಡ್ಡದಾಗುತ್ತದೆ, ಆಗಲಿ. ಸುತ್ತ ಮರಕ್ಕೆ ತೆಳ್ಳಗಿನ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು) ಕುಡಿಸಿ. ಆಮೇಲೆ ಎಪಾಕ್ಸಿಗೆ ಫಿಲ್ಲರ್ ಪುಡಿ ಕಲಸಿ ಗಟ್ಟಿ ಮಾಡಿ ಆ ತೂತನ್ನು ಪೂರ್ತಿ ತುಂಬಿ. ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಹೊಸ ತೂತು ಕೊರೆಯಿರಿ. ಆಗ ಬೋಲ್ಟ್ ತಿರುಗುವುದು ಎಪಾಕ್ಸಿಯೊಳಗೆ, ಮರಕ್ಕೆ ನೀರೇ ತಾಗುವುದಿಲ್ಲ. ಹಳೆಯ ತೂತಿನ ಮಧ್ಯಬಿಂದು ಎಲ್ಲಿತ್ತು ಅನ್ನುವುದನ್ನು ಕೆತ್ತುವ ಮುಂಚೆಯೇ ಗುರುತು ಮಾಡಿಕೊಳ್ಳಿ. ಅದು ಸ್ವಲ್ಪ ತಪ್ಪಿದರೂ ಬೋರ್ಡ್ ಪೆಟ್ಟಿಗೆಯ ಹಿಂದಿನ ಗೋಡೆಗೆ ತಾಗುತ್ತದೆ.

ಬಲೆ ಮತ್ತು ಹುಟ್ಟು
ಎಪಾಕ್ಸಿ ಯಾಕೆ, ಫೈಬರ್ ಬೋಟಿಗೆ ಹಾಕುವ ರೆಸಿನ್ ಸಾಕಲ್ಲ? ಅರ್ಧ ಬೆಲೆ. ನಮ್ಮ ಬೋಟಿಗೆಲ್ಲ ಅದೇ.

ಶಕ್ತಿನಗರದ ಮಾಜಿ ನಾವಿಕ
ಫೈಬರಿಗೆ ಫೈಬರ್ ಹಚ್ಚಲು ಪಾಲಿಯೆಸ್ಟರ್ ರೆಸಿನ್ ನಡೆಯುತ್ತದೆ. ಮರದ ಮೇಲೆ ಅದು ಚೆನ್ನಾಗಿ ಹಿಡಿಯಲ್ಲ, ಸ್ವಲ್ಪ ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಮರಕ್ಕೆ ಎಪಾಕ್ಸಿಯೇ. ಅಂಗಡಿಯಲ್ಲಿ ಸಿಗುವ ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಆದರೂ ಪರವಾಗಿಲ್ಲ, ಐದು ನಿಮಿಷದ್ದು ಬೇಡ.

ತೋರಣಗಲ್ಲು ಫಿಟ್ಟರ್
ಒಂದು ಮಾತು ಸೇರಿಸುತ್ತೇನೆ. ನಮ್ಮ ಸೆಕೆಗೆ ಎಪಾಕ್ಸಿ ಡಬ್ಬಿಯಲ್ಲೇ ಕಾದು ಗಟ್ಟಿಯಾಗುತ್ತದೆ. ಬೆಳಗಿನ ಜಾವ ಮಾಡಿ, ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿಟ್ಟುಕೊಳ್ಳಿ.

ಸವೆದ ಬೋಲ್ಟ್ ಮತ್ತೆ ಹಾಕಬೇಡಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು, ಇದು ಸಿಹಿನೀರು. ಸಮುದ್ರಕ್ಕಾದರೆ 316 ಬೇಕಿತ್ತು. ಆದರೆ ಪೂರ್ತಿ ಮರೆ (ನಟ್ ತಿರುಗುವ ಸುರುಳಿ ಗೀರು) ಇರುವ ಬೋಲ್ಟ್ ತಗೋಬೇಡಿ. ನಡುಭಾಗ ನುಣ್ಣಗಿದ್ದು ತುದಿಯಲ್ಲಿ ಮಾತ್ರ ಮರೆ ಇರುವುದು ಕೇಳಿ ತನ್ನಿ. ಮರೆ ಇರುವ ಜಾಗ ತೂತಿನಲ್ಲಿ ತಿರುಗಿದರೆ ಅರದ ಹಾಗೆ ತಿನ್ನುತ್ತದೆ. ಎರಡೂ ಬದಿಗೆ ರಬ್ಬರ್ ವಾಷರ್, ಅದರ ಮೇಲೆ ಅಗಲ ಸ್ಟೀಲ್ ವಾಷರ್. ಬೋಲ್ಟ್ ಇರುವುದು ನೀರಿನ ಮಟ್ಟದ ಕೆಳಗೆ ತಾನೇ, ಅಲ್ಲಿ ಸೋರಿದರೆ ದೋಣಿಯೊಳಗೇ ನೀರು.

ಕಿನ್ನಾಳ ಬಡಗಿ
ಭೇಷ್, ಇದು ನಿಮ್ಮ ಕಸುಬಿನ ಮಾತು. ಮುಂದೆ ಹೊಸ ಬೋರ್ಡೇ ಮಾಡಿಸುವುದಾದರೆ ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈ ಕೇಳಿ. 303 ಇರುವುದು ಅಡುಗೆಮನೆ ಕಪಾಟಿಗೆ, ನೀರೊಳಗೆ ನಿಲ್ಲಲ್ಲ. ಅಂಗಡಿಯವರು ಎರಡನ್ನೂ ವಾಟರ್‌ಪ್ರೂಫ್ ಅಂತಲೇ ಕೊಡುತ್ತಾರೆ, ಮುದ್ರೆ ನೋಡಿ.

ಹೊಸಪೇಟೆ ಹುಡುಗ
ರಬ್ಬರ್ ಪಟ್ಟಿ ಮತ್ತೆ ಹಾಕಬೇಕಾ? ಅದೇ ತಾನೇ ಇಷ್ಟೆಲ್ಲ ತೊಂದರೆ ಮಾಡಿದ್ದು. ಬಿಟ್ಟುಬಿಡಿ ಅಂತೀನಿ.

ಬಳ್ಳಾರಿ ಅಕ್ಕ
ಪಟ್ಟಿ ಇಲ್ಲದಿದ್ದರೆ ಜೋರು ಗಾಳಿಗೆ ಪೆಟ್ಟಿಗೆಯ ಮೇಲಿಂದ ನೀರು ಚಿಮ್ಮುತ್ತದೆ, ವೇಗವೂ ಕಡಿಮೆ. ರೇಸಿಗೆ ಹೋಗುವವರಿಗೆ ಅದು ಬೇಕೇ ಬೇಕು.

ಶಕ್ತಿನಗರದ ಮಾಜಿ ನಾವಿಕ
ಇಲ್ಲಿ ನಾನು ಹುಡುಗನ ಕಡೆ. ಮೀನುಗಾರ ಅಣ್ಣ ಹೇಳಿದ್ದೇ ಮುಖ್ಯ, ಈ ನೀರಿನಲ್ಲಿ ಹೂಳು ಜಾಸ್ತಿ. ಪಟ್ಟಿ ಹೂಳನ್ನು ಹಿಡಿದಿಡುತ್ತದೆ. ಖುಷಿಗೆ ಓಡಿಸುವ ದೋಣಿಗೆ ಅದಿಲ್ಲದೆ ನಡೆಯುತ್ತದೆ. ಹಾಕಲೇಬೇಕು ಅಂದರೆ ಬರೀ ಅಂಟಿನ ಮೇಲೆ ನಂಬಿಕೆ ಇಡಬೇಡಿ, ಮೇಲೆ ತೆಳ್ಳಗಿನ ಸ್ಟೀಲ್ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಹಿಂದಿನ ತುದಿಗೆ ಎರಡು ಸ್ಕ್ರೂ ಜಾಸ್ತಿ, ಕೀಳುವುದು ಅಲ್ಲಿಂದಲೇ.

ಬಳ್ಳಾರಿ ಅಕ್ಕ
ಒಪ್ಪಲ್ಲ ಸರ್. ಆಗಸ್ಟ್‌ನಲ್ಲಿ ಡ್ಯಾಮ್ ತುಂಬಿದಾಗ ಹೂಳು ಎಷ್ಟೋ ಆಳದಲ್ಲಿರುತ್ತದೆ. ನಿಜವಾದ ಗಾಳಿ ಇರುವುದೂ ಆಗಲೇ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ದೋಣಿ ದಡದಲ್ಲಿಟ್ಟರೆ ಪಟ್ಟಿಗೆ ಏನೂ ಆಗಲ್ಲ.

ಶಕ್ತಿನಗರದ ಮಾಜಿ ನಾವಿಕ
ಬೇಸಿಗೆಯಲ್ಲಿ ಓಡಿಸದೆ ಇರುವವರಿಗೆ ಅದು ಸರಿ ಅಮ್ಮಾ. ಇವರು ಓಡಿಸುವವರು.

ಬಲೆ ಮತ್ತು ಹುಟ್ಟು
ಓಡಿಸಿ, ಆದರೆ ಹಳೆಯ ಹೊಳೆಯ ಪಾತ್ರ ಎಲ್ಲಿದೆ ಅಂತ ಕೇಳಿಕೊಂಡು ಓಡಿಸಿ. ಬೇಸಿಗೆಯಲ್ಲಿ ಆಳ ಇರುವುದು ಅಲ್ಲಿ ಮಾತ್ರ. ಅದರ ಆಚೆ ಈಚೆ ಮುಳುಗಡೆ ಊರುಗಳ ಗೋಡೆ ಕಲ್ಲೂ ಇವೆ. ನಮ್ಮವರಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ನಮ್ಮ ಬಲೆ ಕಟ್ಟಿರುವ ಕಡೆ ಹಲಗೆ ಇಳಿಬಿಟ್ಟು ಬರಬೇಡಿ, ಅದೊಂದು ಕೇಳಿಕೊಳ್ಳುತ್ತೇನೆ. ಬಲೆ ಹರಿದರೆ ಒಂದು ವಾರದ ದುಡಿಮೆ ಹೋಗುತ್ತದೆ.

ಹಿನ್ನೀರು ಹಾಯಿ (ಮುನಿರಾಬಾದ್)
ಖಂಡಿತ ಅಣ್ಣಾ. ಬಲೆಯ ಗುರುತಿಗೆ ನೀವು ಏನು ತೇಲಿಬಿಡುತ್ತೀರಿ ಹೇಳಿ, ದೂರದಿಂದಲೇ ತಿರುಗಿಸುತ್ತೇವೆ.

ಬಲೆ ಮತ್ತು ಹುಟ್ಟು
ಥರ್ಮಾಕೋಲ್ ತುಂಡು, ಇಲ್ಲ ಖಾಲಿ ನೀರಿನ ಬಾಟಲಿ. ಎರಡು ಬಾಟಲಿ ಕಂಡರೆ ಅವುಗಳ ನಡುವೆ ಬರಬೇಡಿ, ಸುತ್ತು ಹಾಕಿ ಹೋಗಿ.

ಹಿನ್ನೀರು ಹಾಯಿ (ಮುನಿರಾಬಾದ್)
ಸರಿ. ಬೋರ್ಡ್ ತೂಗುಹಾಕಿದ್ದೇವೆ. ಪಟ್ಟಿ ಸದ್ಯಕ್ಕೆ ಹಾಕಲ್ಲ, ನೀರು ತುಂಬಿದ ಮೇಲೆ ಅಕ್ಕ ಹೇಳಿದ್ದನ್ನು ನೋಡೋಣ. ಬೋಲ್ಟಿನದೇ ಒಂದು ಪ್ರಶ್ನೆ ಉಳಿದಿದೆ. ಕೊಪ್ಪಳದ ಅಂಗಡಿಗಳಲ್ಲಿ ಪೂರ್ತಿ ಮರೆ ಇರುವುದೇ ಸಿಗುತ್ತಿದೆ. ನನ್ನದು 10 ಎಂಎಂ. ನಡು ನುಣ್ಣಗಿರುವುದು ಎಲ್ಲಿ ಸಿಗುತ್ತದೆ?

ತೋರಣಗಲ್ಲು ಫಿಟ್ಟರ್
ಪೆಟ್ಟಿಗೆಯ ಹೊರ ಅಳತೆ, ಎರಡೂ ಬದಿಯ ವಾಷರ್ ದಪ್ಪ ಸೇರಿಸಿ ಕಳಿಸಿ. ಹೊಸಪೇಟೆಯಲ್ಲಿ ಸಿಗದಿದ್ದರೆ ಸ್ಟೇನ್‌ಲೆಸ್ ರಾಡ್ ತಂದು ಲೇತ್‌ನಲ್ಲಿ ತುದಿಗೆ ಮಾತ್ರ ಮರೆ ಹಾಕಿಸಿಕೊಡುತ್ತೇನೆ. ಭಾನುವಾರ ನಾನೇ ಮುನಿರಾಬಾದಿಗೆ ತರುತ್ತೇನೆ, ದೋಣಿಯನ್ನೂ ನೋಡಿದ ಹಾಗಾಗುತ್ತದೆ.